ಇಂದಿನ ಧಮ್ಮ ಚಿಂತನೆ: ಕೂಸು ಒಂದು, ಮಾತು ಎರಡು



ಕಳೆದ ಭಾನುವಾರ ಸೋಗಾನೆಯ ತಂಗಿ ಮನೆಗೆ ಹೋಗಿದ್ದೆ. ಕೂಸಿಗೆ ಎರಡು ತಿಂಗಳು. "ಅಕ್ಕಾ, ಇವನು ಭಾರಿ ಹಠಮಾರಿ. ಅವರಪ್ಪನ ಕಡೆ ಗುಣ" ಅಂದಳು. ರಾತ್ರಿ ಪಾಳಿ ಮುಗಿಸಿ ಬಂದಿದ್ದ ಅವಳ ಗಂಡ "ಇಲ್ಲ ಅಕ್ಕಾ, ಪಾಪು ತುಂಬಾ ಸಮಾಧಾನದವನು" ಅಂದ.

ವಿಚಾರಿಸಿದೆ. ಅವನು ಮಗುವನ್ನು ಎತ್ತಿಕೊಳ್ಳುವುದು ಬೆಳಿಗ್ಗೆ, ಹಾಲು ಕುಡಿದು ಆಡುವಾಗ. ಅವಳ ಪಾಲಿಗೆ ಸಂಜೆ ಆರರಿಂದ ಹತ್ತು. ಸಣ್ಣ ಕೂಸುಗಳು ಸಂಜೆ ಹೊತ್ತೇ ಹೆಚ್ಚು ಅಳುತ್ತವೆ. ಆರು ವಾರದ ಸುಮಾರಿಗೆ ಅಳು ಏರಿ, ಮೂರು-ನಾಲ್ಕು ತಿಂಗಳಿಗೆ ಇಳಿಯುತ್ತದೆ. ಅವಳು ಕಂಡದ್ದು ಅಳು. ಹಠ ಅವಳು ಸೇರಿಸಿದ್ದು.

ಬಾಬಾಸಾಹೇಬರು ನಾಗಪುರದಲ್ಲಿ ದೀಕ್ಷೆ ಪಡೆದ 1956ರಲ್ಲೇ ನ್ಯೂಯಾರ್ಕಿನಲ್ಲಿ ಅಲೆಕ್ಸಾಂಡರ್ ಥಾಮಸ್, ಸ್ಟೆಲ್ಲಾ ಚೆಸ್ ಎಂಬ ವೈದ್ಯ ದಂಪತಿ ಕೂಸುಗಳ ಸ್ವಭಾವದ ಅಧ್ಯಯನ ಶುರುಮಾಡಿದರು. ತಂದೆತಾಯಿ "ಅವನಿಗೆ ಸ್ನಾನ ಇಷ್ಟ" ಅಂದರೆ ಸಾಲದು, ನೀರು ಬಿದ್ದಾಗ ಮಗು ಏನು ಮಾಡಿತು ಹೇಳಿ ಅನ್ನುತ್ತಿದ್ದರು. ಹುಟ್ಟಿನಿಂದ ಮಕ್ಕಳಲ್ಲಿ ವ್ಯತ್ಯಾಸ ಇರುವುದು ನಿಜ. ಆದರೆ ಮಗುವಿನ ಸ್ವಭಾವಕ್ಕೂ ಮನೆಯ ರೀತಿಗೂ ಎಷ್ಟು ಹೊಂದುತ್ತದೆ ಎಂಬುದೇ ಮುಖ್ಯ ಎಂದು ಅವರು ಕಂಡುಕೊಂಡರು.

ಅಂಗುಲಿಮಾಲನ ಕಥೆ ನಮಗೆಲ್ಲ ಗೊತ್ತು. ಅಟ್ಟಕಥೆಯ ಪ್ರಕಾರ ಅವನು ಹುಟ್ಟಿದ್ದು ಕಳ್ಳರ ನಕ್ಷತ್ರದಲ್ಲಿ. ಹಾಗೆ ಲೆಕ್ಕ ಹಾಕಿದವನು ಸ್ವಂತ ಅಪ್ಪ, ಕೋಸಲದ ರಾಜಪುರೋಹಿತ. ಇಟ್ಟ ಹೆಸರು ಅಹಿಂಸಕ. ಕೊನೆಗೆ ಅವನ ಕೈಗೆ ಕತ್ತಿ ಬಂದದ್ದು ಸಹಪಾಠಿಗಳ ಚಾಡಿಯಿಂದ, ಅದನ್ನು ನಂಬಿ ಸಾವಿರ ಬೆರಳು ಕೇಳಿದ ಗುರುವಿನಿಂದ. (ಟೀಚರ್ ಆದ ನನಗೆ ಈ ಭಾಗ ಓದುವಾಗ ಇರುಸುಮುರುಸು.)

"ಹುಟ್ಟುಗುಣ ಸುಟ್ಟರೂ ಹೋಗದು" ಎಂಬ ಗಾದೆಯ ಪೆಟ್ಟು ನಮ್ಮ ತಾತ-ಮುತ್ತಾತಂದಿರಿಗೆ ಎಷ್ಟು ಬಿದ್ದಿದೆ! ದೀಕ್ಷೆ ಪಡೆದು ಅದನ್ನು ಬಿಟ್ಟೆವು ಅಂದುಕೊಂಡೆವು. ಆದರೂ ನನ್ನ ಮಗಳು ಆರು ತಿಂಗಳವಳಿದ್ದಾಗಿಂದ ಬಂದವರಿಗೆಲ್ಲ ನಾನು "ಇವಳು ಸಿಡುಕಿ" ಅನ್ನುತ್ತಿದ್ದೆ. ಹೋದ ವರ್ಷ ಅವಳು ಬರೆದ ಪ್ರಬಂಧದಲ್ಲಿ "ನಾನು ಹುಟ್ಟಿನಿಂದಲೇ ಸಿಡುಕಿ" ಎಂಬ ಸಾಲಿತ್ತು. ನಾನು ಕಾಗುಣಿತ ತಿದ್ದಿ ವಾಪಸು ಕೊಟ್ಟೆ. ರಾತ್ರಿ ನಿದ್ದೆ ಬರಲಿಲ್ಲ.

ತಂಗಿಗೆ ಹೇಳಿದ್ದಿಷ್ಟೆ: ನಾಲ್ಕು ದಿನ ಕ್ಯಾಲೆಂಡರಿನಲ್ಲಿ ಬರಿ. ಎಷ್ಟು ಹೊತ್ತಿಗೆ ಅತ್ತ, ಎಷ್ಟು ಹೊತ್ತು, ಏನು ಮಾಡಿದಾಗ ಸುಮ್ಮನಾದ. ನಿನ್ನೆ ಫೋನ್ ಮಾಡಿದ್ದಳು. ರಜೆಯ ದಿನ ಸಂಜೆ ಅವಳ ಗಂಡನೇ ಎತ್ತಿಕೊಂಡಿದ್ದನಂತೆ. ಆರೂಕಾಲರಿಂದ ಏಳೂವರೆ ತನಕ ಅಳು. ಹೆಗಲಿಗೆ ಹಾಕಿಕೊಂಡು ಅಂಗಳದಲ್ಲಿ ಅಡ್ಡಾಡಿದ ಮೇಲೆ ನಿದ್ದೆ. ಅಷ್ಟನ್ನೂ ಅವನೇ ಬರೆದಿಟ್ಟಿದ್ದಾನೆ.

ಭವತು ಸಬ್ಬ ಮಂಗಲಂ 🌸