ಮರಳಿ ಬಂದ ಮೇಲೆ ಕಲಿತ ಒಂಬತ್ತು ಪಾಠ

2024ರ ಬೇಸಿಗೆಯಲ್ಲಿ ನಾನು ಜರ್ಮನಿಯ ಕಾರ್ಲ್ಸ್‌ರೂಹೆಯ ಒಂದು ಪ್ರಯೋಗಾಲಯದಲ್ಲಿದ್ದೆ. ಮೆಕ್ಯಾನಿಕಲ್ ಇಂಜಿನಿಯರಿಂಗ್‌ನ ಆರನೇ ಸೆಮಿಸ್ಟರ್ ಮುಗಿದಿತ್ತು, ಡಿಎಎಡಿ ಸಂಸ್ಥೆಯ ‘ವೈಸ್’ ವಿದ್ಯಾರ್ಥಿವೇತನ ಸಿಕ್ಕಿತ್ತು. ನಾಝಲ್‌ನಿಂದ ಚಿಮ್ಮಿದ ದ್ರವ ಎಷ್ಟು ಸಣ್ಣ ಹನಿಗಳಾಗಿ ಒಡೆಯುತ್ತದೆ ಎಂದು ಅಳೆಯುವುದು ಕೆಲಸ. ಜುಲೈ 29ಕ್ಕೆ ಬೆಂಗಳೂರಿನಲ್ಲಿ ಇಳಿದೆ. ಊರಿಗೆ ಹೋಗಲು ರೈಲಿಲ್ಲ. ಮೂರು ದಿನದ ಹಿಂದೆ ಕಡಗರವಳ್ಳಿ–ಎಡಕುಮೇರಿ ನಡುವೆ ಗುಡ್ಡ ಕುಸಿದಿತ್ತು. ಚಾರ್ಮಾಡಿಯಿಂದ ಇಳಿಯುವ ಬಸ್ಸಿನಲ್ಲಿ ಸೂಟ್‌ಕೇಸ್ ಮಡಿಲಲ್ಲಿಟ್ಟುಕೊಂಡು ಪುತ್ತೂರು ಮುಟ್ಟಿದೆ. ಈಗ ಪ್ರತಿ ವರ್ಷ ಜೂನಿಯರ್‌ಗಳು ಫೋನ್ ಮಾಡಿ, ಹೋಗುವಾಗ ಏನೇನು ಒಯ್ಯಬೇಕು ಎಂದು ಕೇಳುತ್ತಾರೆ. ಬರುವುದರ ಬಗ್ಗೆ ಯಾರೂ ಕೇಳುವುದಿಲ್ಲ. ಅದಕ್ಕೇ ಇದನ್ನು ಬರೆದಿಟ್ಟೆ.

1. ಬರುವ ಕೆಲಸ ಅಲ್ಲೇ ಶುರುವಾಗಬೇಕು

ಕೊನೆಯ ವಾರ ಊರು ಸುತ್ತುವುದಕ್ಕಲ್ಲ, ಕಾಗದಪತ್ರಕ್ಕೆ. ನಾನು ಸರ್ಟಿಫಿಕೇಟನ್ನು ಓದದೆಯೇ ಫೈಲಿಗೆ ಸೇರಿಸಿದೆ. ಅದರಲ್ಲಿ ಕೆಲಸ ಶುರುವಾದ ದಿನಾಂಕವೂ ಇರಲಿಲ್ಲ, ಮುಗಿದ ದಿನಾಂಕವೂ ಇರಲಿಲ್ಲ. ಇಂಟರ್ನ್‌ಶಿಪ್ ಕ್ರೆಡಿಟ್‌ಗೆ ಇದು ನಡೆಯುವುದಿಲ್ಲ ಎಂದು ಕಾಲೇಜಿನ ಆಫೀಸಿನಲ್ಲಿ ಹೇಳಿದರು. ಮೇಲ್ ಹಾಕಿದರೆ ಅಲ್ಲಿಯ ಪ್ರೊಫೆಸರ್ ಆಗಸ್ಟ್ ರಜೆಯಲ್ಲಿ. ಹೊಸ ಸರ್ಟಿಫಿಕೇಟ್ ಕೈಗೆ ಬರುವಾಗ ಸೆಪ್ಟೆಂಬರ್ ಕಳೆದಿತ್ತು. ದಿನಾಂಕ, ವಾರಕ್ಕೆ ಎಷ್ಟು ಗಂಟೆ, ಸಹಿ, ಮುದ್ರೆ ಎಲ್ಲ ಎದುರೆದುರೇ ನೋಡಿಕೊಳ್ಳಿ. ಶಿಫಾರಸು ಪತ್ರ ಬೇಕಿದ್ದರೆ ಮುಖ ನೆನಪಿರುವಾಗಲೇ ಕೇಳಿ. ಪ್ರಯೋಗದ ಅಂಕಿಅಂಶಗಳಲ್ಲಿ ಯಾವುದನ್ನು ನಮ್ಮ ವರದಿಯಲ್ಲಿ ಹಾಕಬಹುದು ಎನ್ನುವುದನ್ನು ಬರಹದಲ್ಲಿ ಪಡೆದುಕೊಳ್ಳಿ. ನಗರದ ಕಚೇರಿಯಲ್ಲಿ ವಿಳಾಸ ನೋಂದಾಯಿಸಿದ್ದರೆ ಅದನ್ನು ತೆಗೆಸಿ. ಊರಿನ ಸಿಮ್ ಮರೆಯಬೇಡಿ: 90 ದಿನ ಬಳಸದೆ ಬಿಟ್ಟರೆ ನಂಬರ್ ಕೈತಪ್ಪಬಹುದು, ಬ್ಯಾಂಕಿನ ಒಟಿಪಿಯೆಲ್ಲ ಅದಕ್ಕೇ ಬರುವುದು.

2. ನಿದ್ದೆಗೆ ಒಂದು ವಾರ ಕೊಡಿ

ಬೇಸಿಗೆಯಲ್ಲಿ ನಮಗೂ ಅವರಿಗೂ ಮೂರೂವರೆ ಗಂಟೆಯ ವ್ಯತ್ಯಾಸ. ಕೇಳುವಾಗ ಸಣ್ಣದು. ಆದರೆ ಹಾಸ್ಟೆಲಿನಲ್ಲಿ ರಾತ್ರಿ ಮೂರು ಗಂಟೆಯಾದಾಗ ನನ್ನ ದೇಹಕ್ಕೆ ಇನ್ನೂ ಹನ್ನೊಂದೂವರೆ. ಬೆಳಿಗ್ಗೆ ಎಂಟರ ಕ್ಲಾಸೆಂದರೆ ಅದಕ್ಕೆ ನಸುಕಿನ ನಾಲ್ಕೂವರೆ. ಜೂನ್‌ನಲ್ಲಿ ಅಲ್ಲಿ ರಾತ್ರಿ ಒಂಬತ್ತೂವರೆಗೂ ಬೆಳಕು. ಇಲ್ಲಿ ಆಟಿ ತಿಂಗಳ ಮೋಡಕ್ಕೆ ಮಧ್ಯಾಹ್ನವೇ ಲೈಟು ಹಾಕಬೇಕು. ನಾನು ಬಂದ ನಾಲ್ಕನೇ ದಿನ ಒಂದು ಕಂಪೆನಿಯ ಆ್ಯಪ್ಟಿಟ್ಯೂಡ್ ಪರೀಕ್ಷೆಗೆ ಕೂತೆ. ಪ್ರಶ್ನೆ ಕಷ್ಟದ್ದಾಗಿರಲಿಲ್ಲ. ನಾನು ಎಚ್ಚರ ಇರಲಿಲ್ಲ, ಅಷ್ಟೇ.

3. ಹೊಟ್ಟೆಯೂ ವಿದೇಶಕ್ಕೆ ಹೋಗಿರುತ್ತದೆ

ಬಂದ ದಿನವೇ ಪಾನಿಪುರಿ ಬೇಡ. ಇದನ್ನು ಇದಕ್ಕಿಂತ ವಿವರವಾಗಿ ಬರೆಯುವುದಿಲ್ಲ.

4. ಗುಣಾಕಾರ ನಿಲ್ಲಿಸಿದಿರಿ, ಭಾಗಾಕಾರವನ್ನೂ ನಿಲ್ಲಿಸಿ

ಹೋದ ಹೊಸತರಲ್ಲಿ ಎಲ್ಲದರ ಬೆಲೆಯನ್ನೂ ತೊಂಬತ್ತರಿಂದ ಗುಣಿಸುತ್ತಿದ್ದೆ. ನಾಲ್ಕು ಯೂರೋದ ಕಾಫಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಖಾಲಿ ಬಾಟಲಿ ವಾಪಸು ಕೊಟ್ಟರೆ 25 ಸೆಂಟ್ ಸಿಗುತ್ತದೆಂದು ಗೊತ್ತಾದ ಮೇಲೆ ಬಾಟಲಿ ಕೂಡಿಡುವುದೇ ಚಟವಾಯಿತು. ಬಂದ ಮೇಲೆ ಲೆಕ್ಕ ತಿರುಗಿತು: ಅರುವತ್ತು ರೂಪಾಯಿಯ ಮಸಾಲೆ ದೋಸೆ ಒಂದು ಯೂರೋ ಕೂಡ ಅಲ್ಲ, ಇನ್ನೂರರ ಆಟೋ ಎರಡೂಕಾಲು ಯೂರೋ. ಹೀಗೆ ಭಾಗಿಸುತ್ತಾ ಭಾಗಿಸುತ್ತಾ ಉಳಿಸಿ ತಂದ ಹಣ ಆಗಸ್ಟಿನಲ್ಲೇ ಕರಗಿತು. ಮನೆಯಿಂದ ಬರುವ ದುಡ್ಡು ರೂಪಾಯಿಯಲ್ಲಿ ಬರುತ್ತದೆ ಎನ್ನುವುದನ್ನು ಅಪ್ಪನೇ ನೆನಪಿಸಬೇಕಾಯಿತು.

5. ‘ಅಲ್ಲಿ’ ಎಂಬ ಶಬ್ದವನ್ನು ಎಣಿಸಿ

‘ಅಲ್ಲಿ ಟ್ರಾಮ್ ಹೇಳಿದ ನಿಮಿಷಕ್ಕೆ ಬರ್ತದೆ’, ‘ಅಲ್ಲಿ ಭಾನುವಾರ ಅಂಗಡಿಯೇ ತೆರೆಯುವುದಿಲ್ಲ’, ‘ಅಲ್ಲಿ ನಲ್ಲಿ ನೀರೇ ಕುಡಿಯುವುದು’. ನಾನು ಜಂಬಕ್ಕೆ ಹೇಳುತ್ತಿರಲಿಲ್ಲ. ಮೂರು ತಿಂಗಳು ನೋಡಿದ್ದು ಅದೇ, ಬಾಯಿಗೂ ಅದೇ ಬರುತ್ತಿತ್ತು. ಎರಡನೇ ವಾರ ಮೆಸ್ಸಿನೊಳಗೆ ಕಾಲಿಡುವಾಗ ಒಂದು ಟೇಬಲಿನಿಂದ ಕೇಳಿಸಿತು: “ಓ, ಅಲ್ಲಿ ಬಂತು ನೋಡು.” ಯಾರು ಎಲ್ಲಿಗೆ ಬಂದರು ಎಂದು ತಿರುಗಿ ನೋಡಿದೆ. ಬಂದದ್ದು ನಾನೇ. ಹೆಸರೇ ‘ಅಲ್ಲಿ’ ಆಗಿಬಿಟ್ಟಿತ್ತು. ಆವತ್ತಿನಿಂದ ಯಾರಾದರೂ ಕೇಳಿದರೆ ಮಾತ್ರ ಹೇಳುವುದೆಂದು ನಿಶ್ಚಯಿಸಿದೆ. ಕೇಳಿದವರು ಒಟ್ಟು ನಾಲ್ಕೇ ಜನ. ಅವರಿಗೆ ಹೇಳಿದ್ದು ಮಾತ್ರ ನೆಲೆ ನಿಂತಿತು.

6. ಇಲ್ಲಿಯೂ ಮೂರು ತಿಂಗಳು ಕಳೆದಿರುತ್ತದೆ

ನನಗೆ ಹೆಚ್ಚು ನೋವು ಕೊಟ್ಟ ಪಾಠ ಇದು. ನಾನು ಹೊರಟಾಗ ಊರು ಹೇಗಿತ್ತೋ ಹಾಗೇ ನಿಂತು ನನ್ನ ದಾರಿ ಕಾಯುತ್ತಿದೆ ಎಂಬ ಭಾವನೆ ನನ್ನಲ್ಲಿತ್ತು. ಬಂದು ನೋಡಿದರೆ ಪ್ರಾಜೆಕ್ಟಿನ ತಂಡಗಳು ಆಗಿಹೋಗಿದ್ದವು. ಮೂರು ವರ್ಷ ಒಟ್ಟಿಗೆ ಲ್ಯಾಬ್ ಮಾಡಿದ ಗೆಳತಿಯರು ಬೇರೊಬ್ಬಳನ್ನು ಸೇರಿಸಿಕೊಂಡಿದ್ದರು. “ನೀನು ಮೆಸೇಜಿಗೆ ಉತ್ತರ ಕೊಡಲಿಲ್ಲ ಮಾರಾಯ್ತಿ, ಎಷ್ಟು ದಿನ ಕಾಯುವುದು?” ಎಂದರು. ಫೋನ್ ತೆಗೆದು ನೋಡಿದೆ. ಜೂನ್ 11ರ ಮೆಸೇಜು, ಓದಿದ್ದೆ, ಉತ್ತರಿಸಿರಲಿಲ್ಲ.

ರೂಮ್‌ಮೇಟ್ ಮೊದಲಿನಂತೆ ಮಾತಾಡುತ್ತಿರಲಿಲ್ಲ. ನಾನು ತಂದ ಚಾಕಲೇಟಿನ ಡಬ್ಬಿ ಅವಳ ಮೇಜಿನ ಮೇಲೆ ಹಾಗೇ ಇತ್ತು. ಅವಳ ತಂದೆಯ ಅಂಗಡಿ ಮೇ ತಿಂಗಳಲ್ಲೇ ಮುಚ್ಚಿತ್ತೆಂದು, ಫೀಸಿಗೆ ಅವಳು ರಜೆಯಿಡೀ ಮಕ್ಕಳಿಗೆ ಟ್ಯೂಷನ್ ಹೇಳಿದ್ದಳೆಂದು ತಿಳಿಯಲು ನನಗೆ ಹದಿನೈದು ದಿನ ಹಿಡಿಯಿತು. ನಾನು ಕೇಳಿಯೇ ಇರಲಿಲ್ಲ. ಮನೆಯಲ್ಲಿ ಅಜ್ಜಿ ಅಂಗಳದಲ್ಲಿ ಜಾರಿಬಿದ್ದು ಒಂದು ತಿಂಗಳು ಹಾಸಿಗೆ ಹಿಡಿದಿದ್ದರು. “ಅಷ್ಟು ದೂರದಲ್ಲಿದ್ದಿ, ಹೇಳಿ ಏನು ಮಾಡುವುದು?” ಎಂದರು ಅಮ್ಮ. ಆಗಸ್ಟ್ 4ರ ಆಟಿ ಅಮಾವಾಸ್ಯೆಗೆ ಹಾಲೆ ಮರದ ಕೆತ್ತೆಯ ಕಷಾಯವನ್ನು ಅಜ್ಜಿ ಕೂತಲ್ಲಿಂದಲೇ ಕೊಟ್ಟರು. ಮುಂಚೆ ಅದನ್ನು ಹಿಡಿದುಕೊಂಡು ನಮ್ಮ ಹಿಂದೆ ಓಡುತ್ತಿದ್ದವರು.

ಹಾಗಾಗಿ ಮೊದಲ ವಾರ ನಮ್ಮ ಫೋಟೋ ತೋರಿಸುವ ವಾರವಲ್ಲ. “ಈ ಸಲ ಇಲ್ಲಿ ಏನೆಲ್ಲ ಆಯಿತು?” ಎಂದು ಒಬ್ಬೊಬ್ಬರನ್ನೇ ಕೇಳುವ ವಾರ.

7. ಒಂದೇ ಒಂದು ಅಭ್ಯಾಸ ಉಳಿಸಿಕೊಳ್ಳಿ

ನಾನು ಏಳು ಹೊಸ ಅಭ್ಯಾಸಗಳ ಪಟ್ಟಿ ಹಿಡಿದು ಬಂದಿದ್ದೆ. ಕಸವನ್ನು ನಾಲ್ಕು ಬಗೆ ವಿಂಗಡಿಸುವುದು ಎರಡು ದಿನ ನಡೆಯಿತು; ನಮ್ಮ ಮಹಡಿಗೆ ಇದ್ದದ್ದೇ ಒಂದು ಡಬ್ಬಿ. ಸಂಜೆ ಐದಕ್ಕೆ ಕೆಲಸ ನಿಲ್ಲಿಸುವುದು ಒಂದು ದಿನವೂ ನಡೆಯಲಿಲ್ಲ. ಉಳಿದದ್ದು ಲ್ಯಾಬ್ ಪುಸ್ತಕ: ಪ್ರತಿ ಪುಟಕ್ಕೂ ದಿನಾಂಕ, ಕೆಟ್ಟುಹೋದ ಪ್ರಯೋಗಕ್ಕೂ ಜಾಗ, ಬರೆದದ್ದನ್ನು ಅಳಿಸದೆ ಒಂದು ಗೆರೆ ಎಳೆಯುವುದು. ಇದಕ್ಕೆ ಯಾರ ಅನುಮತಿಯೂ ಬೇಡ, ಮೂವತ್ತು ರೂಪಾಯಿಯ ನೋಟ್‌ಬುಕ್ ಸಾಕು. ಇಲ್ಲಿಯ ಮಣ್ಣಿನಲ್ಲಿ ಬೇರು ಬಿಡುವುದು ಯಾವುದೆಂದು ನೋಡಿ, ಉಳಿದದ್ದನ್ನು ಬೇಸರವಿಲ್ಲದೆ ಬಿಟ್ಟುಬಿಡಿ.

8. ತಂದ ಸಾಮಾನು ಇಲ್ಲಿಯ ಗಾಳಿಗೆ ನಿಲ್ಲುತ್ತದೆಯೇ ನೋಡಿ

ಹೊರಡುವಾಗ ನನ್ನ ಮಾರ್ಗದರ್ಶಕರು ಒಂದು ಪೊಟ್ಟಣ ಹಳದಿ ಕಾಗದ ಕೊಟ್ಟಿದ್ದರು. ನೀರಿನ ಹನಿ ಬಿದ್ದಲ್ಲಿ ಅದು ನೀಲಿಯಾಗುತ್ತದೆ. ಸಿಂಪರಣೆ ಎಲ್ಲಿಗೆ ತಲುಪಿತು, ಹನಿ ಎಷ್ಟು ದೊಡ್ಡದು ಎಂದು ಚುಕ್ಕೆ ನೋಡಿ ಹೇಳಬಹುದು. ನಮ್ಮದು ಅಡಿಕೆ ತೋಟ. ಕೊಳೆರೋಗ ಬಾರದಿರಲು ಮಳೆಗಾಲದಲ್ಲಿ ಗೊನೆಗಳಿಗೆ ಬೋರ್ಡೋ ಮದ್ದು ಬಿಡುತ್ತೇವೆ. 100 ಲೀಟರ್ ನೀರಿಗೆ ಮೈಲುತುತ್ತು ಒಂದು ಕಿಲೋ, ಸುಣ್ಣ ಒಂದು ಕಿಲೋ. ಮರ ಹತ್ತುವವರು ಸಿಗುವುದು ಕಡಿಮೆಯಾದ ಮೇಲೆ ಅಪ್ಪ ಕಾರ್ಬನ್ ಫೈಬರ್ ದೋಟಿ ಕೊಂಡಿದ್ದರು. ನೆಲದಲ್ಲಿ ನಿಂತು ಅಷ್ಟು ಎತ್ತರಕ್ಕೆ ಬಿಟ್ಟ ಮದ್ದು ಗೊನೆಯ ಹಿಂಬದಿಗೂ ಮುಟ್ಟುತ್ತದೆಯೇ? ಅಂತಿಮ ವರ್ಷದ ಪ್ರಾಜೆಕ್ಟ್ ಮನೆಯ ಹಿತ್ತಿಲಲ್ಲೇ ಸಿಕ್ಕಿತೆಂದು ಹಿಗ್ಗಿದೆ. ತಂಡವಿಲ್ಲದ ಇನ್ನಿಬ್ಬರು ಜೊತೆಯಾದರು.

ಮಳೆ ಎರಡು ದಿನ ಬಿಟ್ಟಾಗ ತೋಟಕ್ಕೆ ಹೋಗಿ ಪೊಟ್ಟಣ ಬಿಚ್ಚಿದೆವು. ಮದ್ದು ಬಿಡುವ ಮೊದಲೇ ಕಾಗದ ಅಂಚಿನಿಂದ ನೀಲಿಯಾಗತೊಡಗಿತು, ಸ್ವಲ್ಪ ಹೊತ್ತಿಗೆ ಪೂರ್ತಿ ನೀಲಿ. ಆಟಿಯ ಗಾಳಿಯಲ್ಲಿದ್ದ ತೇವವೇ ಅದಕ್ಕೆ ಸಾಕಾಗಿತ್ತು. ಕಾರ್ಲ್ಸ್‌ರೂಹೆಯಲ್ಲಿ ಈ ತೊಂದರೆ ಒಮ್ಮೆಯೂ ಬಂದಿರಲಿಲ್ಲ. ಮೂವರೂ ಪೆಚ್ಚಾಗಿ ನಿಂತಿದ್ದಾಗ ಡ್ರಮ್ಮಿನಲ್ಲಿ ಮದ್ದು ಕಲಕುತ್ತಿದ್ದ ಅಪ್ಪ ಹೇಳಿದರು: “ಮದ್ದೇ ನೀಲಿ ಉಂಟಲ್ಲ. ನೀಲಿಯಾಗುವ ಕಾಗದ ಯಾಕೆ ನಿಮಗೆ?”

ಕಪ್ಪು ಪ್ಲಾಸ್ಟಿಕ್ ಶೀಟನ್ನು ಅಂಗೈಯಗಲ ಕತ್ತರಿಸಿ ಗೊನೆಯ ನಾಲ್ಕೂ ಬದಿಗೆ ಕಟ್ಟಿಸಿದೆವು. ಮದ್ದು ಒಣಗಿದ ಮೇಲೆ ಕಪ್ಪಿನ ಮೇಲೆ ತಿಳಿನೀಲಿ ಚುಕ್ಕೆಗಳು ಎದ್ದು ಕಂಡವು. ಹಿಂಬದಿಯ ತುಂಡುಗಳಲ್ಲಿ ಚುಕ್ಕೆ ತೀರಾ ಕಡಿಮೆ. ಚುಕ್ಕೆಗಳ ಫೋಟೋ ತೆಗೆದು ಎಣಿಸುವ ಕ್ರಮ ಮಾತ್ರ ನಾನು ಅಲ್ಲಿಂದ ತಂದದ್ದು, ಅದು ನಡೆಯಿತು. ಆ ವರ್ಷದ ಉತ್ತಮ ಪ್ರಾಜೆಕ್ಟ್ ನಮ್ಮದಾಗಲಿಲ್ಲ. ಆದರೆ ಅಪ್ಪ ಈಗ ಮರದ ಎರಡು ಬದಿಯಲ್ಲೂ ನಿಂತು ಮದ್ದು ಬಿಡುತ್ತಾರೆ.

9. ಹೋಗುವ ಮೊದಲೇ ಮನೆಯಲ್ಲಿ ಕೇಳಿ

ನಮ್ಮಜ್ಜ ಕನ್ನಡ ಮೇಷ್ಟ್ರಾಗಿದ್ದವರು. ಬಂದ ಮರುದಿನ ಅರಮನೆ, ಕಾಡು, ಟ್ರಾಮ್‌ಗಳ ಫೋಟೋಗಳನ್ನೆಲ್ಲ ತಾಳ್ಮೆಯಿಂದ ನೋಡಿ ಕೊನೆಗೆ, “ಟ್ಯೂಬಿಂಗೆನ್‌ಗೆ ಹೋಗಿದ್ದಿಯಾ?” ಎಂದು ಕೇಳಿದರು. ಅಲ್ಲೇನುಂಟು ಎಂದೆ. ಅಜ್ಜ ಎದ್ದು ಕಪಾಟಿನ ಕಡೆ ಕೈ ತೋರಿಸಿದರು. 1894ರಲ್ಲಿ ನಮ್ಮ ಮಂಗಳೂರಿನಲ್ಲೇ ಅಚ್ಚಾದ ಕನ್ನಡ ನಿಘಂಟಿನ ಮರುಮುದ್ರಣ. ಅದನ್ನು ಮಾಡಿದ ಫರ್ಡಿನಾಂಡ್ ಕಿಟೆಲ್ 1903ರಲ್ಲಿ ತೀರಿಕೊಂಡದ್ದು ಟ್ಯೂಬಿಂಗೆನ್‌ನಲ್ಲಿ. ನನ್ನ ಕೈಯಲ್ಲಿ ತಿಂಗಳಿಗೆ 49 ಯೂರೋದ ಟಿಕೆಟ್ ಇತ್ತು. ದೇಶದ ಪ್ರಾದೇಶಿಕ ರೈಲುಗಳಲ್ಲೆಲ್ಲ ಓಡಾಡಬಹುದಿತ್ತು. ಬೆಳಿಗ್ಗೆ ಹೊರಟಿದ್ದರೆ ಸಂಜೆಗೆ ಮರಳಬಹುದಿತ್ತು. ಹನ್ನೆರಡು ಭಾನುವಾರಗಳಲ್ಲಿ ಒಂದು ಸಾಕಿತ್ತು. ಹೊರಡುವ ಮುಂಚೆ “ನಿಮಗೇನು ತರಲಿ ಅಜ್ಜ?” ಎಂದು ಕೇಳಿದ್ದರೆ ಅವರು ಹೇಳುತ್ತಿದ್ದರು.

ಹಾಗಾಗಿ ಫೋನ್ ಮಾಡುವ ಜೂನಿಯರ್‌ಗಳಿಗೆ ಕುಕ್ಕರ್, ಉಪ್ಪಿನಕಾಯಿಯ ವಿಚಾರ ಮುಗಿದ ಮೇಲೆ ಇದನ್ನೂ ಹೇಳುತ್ತೇನೆ. ಕಳೆದ ಬೇಸಿಗೆಯಲ್ಲಿ ಒಬ್ಬಳು ಸ್ಟುಟ್‌ಗಾರ್ಟಿಗೆ ಹೋಗಿದ್ದಳು. ನನ್ನ ಕಥೆ ನೆನಪಿಟ್ಟುಕೊಂಡು ಒಂದು ಭಾನುವಾರ ಟ್ಯೂಬಿಂಗೆನ್‌ನಲ್ಲಿ ಇಳಿದು, ನಿಲ್ದಾಣದ ಫಲಕದ ಫೋಟೋ ಕಳಿಸಿದಳು. ಅಜ್ಜನಿಗೆ ತೋರಿಸಿದೆ. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

“ಸ್ಟೇಷನ್ ಚೆಂದ ಉಂಟು,” ಎಂದರು. “ಊರೊಳಗೆ ಹೋಗಲಿಲ್ಲವಾ ಅವಳು?”