ಆ ವರದಿಯಲ್ಲಿ ನಿನ್ನ ಮಾತೂ ಇದೆ

ಮಗಾ, ಎದೆಯಲ್ಲಿ ಒಂಚೂರು ಚುಳುಕ್ ಅಂದರೂ ಕೊರೊನಾ ಲಸಿಕೆಯನ್ನೇ ಬಯ್ತೀಯ. ಯಾರು ಹೇಳಿದ್ದು ಅಂದರೆ ಫೋನಿನಲ್ಲಿ ಒಂದು ವಿಡಿಯೊ ಮುಂದೆ ಹಿಡೀತೀಯ. ನಾನೂ ಆ ವಿಡಿಯೊ ನೋಡಿದೆ. ಡಾಕ್ಟರು ಯಾರು, ಎಲ್ಲಿಯವರು, ಏನು ಪರೀಕ್ಷೆ ಮಾಡಿದರು, ಒಂದೂ ಅದರಲ್ಲಿಲ್ಲ.

2025ರ ಜೂನ್‌ನಲ್ಲಿ ನಮ್ಮ ಹಾಸನ ಜಿಲ್ಲೆ ಟೀವಿಯಲ್ಲಿ ಮೆರೆದಿದ್ದೇ ಮೆರೆದಿದ್ದು. ಬೇಲೂರು ಹಳೇಬೀಡಿನ ಗುಡಿಗಳಿಗೂ ಅಷ್ಟು ಪ್ರಚಾರ ಸಿಕ್ಕಿದ್ದಿಲ್ಲ ಬಿಡು. ಹೃದಯಾಘಾತದ ಸಾವುಗಳನ್ನು ಕ್ರಿಕೆಟ್ ಸ್ಕೋರಿನಂತೆ ಎಣಿಸಿದರು. ಜನ ಹೆದರಿ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಸಾಲುಗಟ್ಟಿದರು. 2011ರ ಜನಗಣತಿಯಲ್ಲೇ 17.76 ಲಕ್ಷ ಜನರಿದ್ದ ಜಿಲ್ಲೆ ಇದು. ಹಿಂದಿನ ವರ್ಷ ಇದೇ ದಿನಗಳಲ್ಲಿ ಎಷ್ಟು ಮಂದಿ ಹೀಗೆ ಹೋಗಿದ್ದರು? ಅದನ್ನು ಹೇಳದೆ ‘ಜಾಸ್ತಿ ಆಯ್ತು’ ಅಂದರೆ ಯಾವುದಕ್ಕಿಂತ ಜಾಸ್ತಿ?

ಜುಲೈ 1ರಂದು ಮುಖ್ಯಮಂತ್ರಿಗಳೇ ಲಸಿಕೆಗೆ ಆತುರದಲ್ಲಿ ಒಪ್ಪಿಗೆ ಕೊಟ್ಟದ್ದೂ ಈ ಸಾವುಗಳಿಗೆ ಕಾರಣವಿರಬಹುದು ಅಂದುಬಿಟ್ಟರು. ಕುರ್ಚಿ ದೊಡ್ಡದು ನಿಜ, ಆದರೆ ಎದೆಯ ವಿಷಯ ಎದೆ ಡಾಕ್ಟರಿಗೇ ಗೊತ್ತು. ಜಯದೇವದ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ಸಮಿತಿ ಲಸಿಕೆಗೂ ಹೃದಯದ ಕಾಯಿಲೆಗೂ ನಂಟು ಕಾಣಲಿಲ್ಲ ಎಂದು ವರದಿ ಕೊಟ್ಟಿತು. ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ 2023ರಲ್ಲಿ ದೇಶದ 47 ಆಸ್ಪತ್ರೆಗಳಲ್ಲಿ ನಡೆಸಿದ ಅಧ್ಯಯನಕ್ಕೂ ಲಸಿಕೆಯಿಂದ ಹಠಾತ್ ಸಾವಿನ ಅಪಾಯ ಹೆಚ್ಚಿದ್ದು ಕಂಡಿರಲಿಲ್ಲ.

ಡಾಕ್ಟರು ಹೇಳಿದರು ಅಂತ ಕಣ್ಣುಮುಚ್ಚಿ ನಂಬು ಅಂತಲ್ಲ ನಾನು ಹೇಳೋದು. ಹೇಗೆ ಹೇಳಿದರು ನೋಡು. ಹಾಸನದ 24 ಸಾವುಗಳನ್ನು ಒಂದೊಂದಾಗಿ ಪರಿಶೀಲಿಸಿದರು. ನಾಲ್ಕಕ್ಕೆ ಕಾರಣ ಹೃದಯವೇ ಅಲ್ಲ. ಉಳಿದ 20ರಲ್ಲಿ 10 ಖಚಿತ, ಇನ್ನು 10 ಬರೀ ‘ಇರಬಹುದು’. ಹೀಗೆ ತನಗೆ ಎಲ್ಲಿವರೆಗೆ ಗೊತ್ತು ಅಂತ ಗೆರೆ ಎಳೆದು ಹೇಳುವವನ ಮಾತು ನನಗೆ ಹಿಡಿಸುತ್ತೆ. ಟೀವಿಯವರು 24ನ್ನೂ ಒಂದೇ ಗಂಟು ಕಟ್ಟಿದ್ದರು.

ಇನ್ನೊಂದು ಮಾತು ಸಮಿತಿಯ ಆ ವರದಿಯಲ್ಲಿತ್ತು, ನಿನ್ನ ಕಿವಿಗೆ ಬಿದ್ದೇ ಇಲ್ಲ. ಸತ್ತವರಲ್ಲಿ ಹೆಚ್ಚುಕಡಿಮೆ ಮೂರರಲ್ಲೊಬ್ಬರು ಆಟೊ, ಕ್ಯಾಬ್ ಓಡಿಸುವವರು. ಬಿಪಿ, ಶುಗರ್, ಹೊಗೆಸೊಪ್ಪು, ಕುಡಿತ ಹಲವರಿಗಿತ್ತು. ನೀನೂ ಅಂಥದೇ ಸ್ಟೇರಿಂಗ್ ಹಿಂದೆ ಕೂತವನು. ಹಳೇಬೀಡಿನ ಟೂರಿಸ್ಟ್ ಟ್ರಿಪ್ ಇದ್ದ ದಿನ ತಿಂಡಿಯಿಲ್ಲ, ಊಟ ರಾತ್ರಿ ಹತ್ತಕ್ಕೆ, ನಡುವೆ ಟೀ ಮೇಲೆ ಸಿಗರೇಟು. ನಿಮ್ಮಪ್ಪನಿಗೂ ಬಿಪಿ ಇತ್ತು ಕಣಪ್ಪ.

ಸೋಮವಾರ ಬೇಲೂರಿಗೆ ಬಾಡಿಗೆ ಇದೆ ಅಂದೆಯಲ್ಲ, ಹಾಗೇ ತಾಲ್ಲೂಕು ಆಸ್ಪತ್ರೆಗೆ ಹೋಗಿ ಬಿಪಿ, ಶುಗರ್ ನೋಡಿಸಿ ಒಂದು ಇಸಿಜಿ ಮಾಡಿಸ್ಕೊಂಡು ಬಾ. ಚೀಟಿಯನ್ನು ನನಗೂ ತೋರಿಸು.