ದುರ್ಗಂಧ ನಿವಾರಕ ರಾಸಾಯನಿಕಗಳ ಅಪಾಯ: ಹೈದರಾಬಾದಿನ ಒಳಚರಂಡಿಯ ಸಂದರ್ಭ

ಹೈದರಾಬಾದ್ ನಗರದ ಒಳಚರಂಡಿ ವ್ಯವಸ್ಥೆಗೂ ಕನ್ನಡನಾಡಿಗೂ ಚಾರಿತ್ರಿಕವಾದ ನಂಟೊಂದುಂಟು. 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿಯ ಮಹಾಪೂರವು ಸಹಸ್ರಾರು ಜನರನ್ನು ಬಲಿ ತೆಗೆದುಕೊಂಡ ತರುವಾಯ, ನಿಜಾಮ ಸರ್ಕಾರವು 1909ರಲ್ಲಿ ಎಂ. ವಿಶ್ವೇಶ್ವರಯ್ಯನವರನ್ನು ಬರಮಾಡಿಕೊಂಡಿತು. ಅವರು ಪ್ರವಾಹ ನಿಯಂತ್ರಣದ ಜೊತೆಗೆ ನಗರದ ಒಳಚರಂಡಿಯ ಯೋಜನೆಯನ್ನೂ ರೂಪಿಸಿದರು. ಕಾಲಕ್ರಮದಲ್ಲಿ ನಗರವು ಆ ಯೋಜನೆಯ ಎಲ್ಲೆಗಳನ್ನು ಮೀರಿ ಬೆಳೆಯಿತು. ಕೊಳಚೆ ನೀರು ಮೂಸಿಯನ್ನೂ ಹದಿನಾರನೆಯ ಶತಮಾನದ ಹುಸೇನ್ ಸಾಗರವನ್ನೂ ಸೇರಿತು. ದುರ್ಗಂಧ ನಿವಾರಣೆಯೇ ಅಲ್ಲಿ ಒಂದು ಸಾರ್ವಜನಿಕ ಸಮಸ್ಯೆಯಾಯಿತು.

ದುರ್ಗಂಧದ ಮೂಲವನ್ನು ಮೊದಲು ಗಮನಿಸಬೇಕು. ಆಮ್ಲಜನಕವಿಲ್ಲದ ಕೊಳವೆಗಳಲ್ಲಿ ಕೆಲವು ಬ್ಯಾಕ್ಟೀರಿಯಾಗಳು ನೀರಿನಲ್ಲಿರುವ ಸಲ್ಫೇಟನ್ನು ಬಳಸಿಕೊಂಡು ಹೈಡ್ರೋಜನ್ ಸಲ್ಫೈಡ್ ಅನಿಲವನ್ನು ಉಂಟುಮಾಡುತ್ತವೆ. ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಒಂದು ಭಾಗಕ್ಕಿಂತ ಕಡಿಮೆಯಿದ್ದರೂ ಅದರ ಕೊಳೆತ ಮೊಟ್ಟೆಯ ವಾಸನೆ ಮೂಗಿಗೆ ತಿಳಿಯುತ್ತದೆ. ಪ್ರಮಾಣವು ಸುಮಾರು 100 ಭಾಗಗಳನ್ನು ಮುಟ್ಟಿದಾಗ ಘ್ರಾಣಶಕ್ತಿಯೇ ಕುಂದುತ್ತದೆ. ಹಲವು ನೂರು ಭಾಗಗಳಾದರೆ ಪ್ರಾಣಕ್ಕೇ ಎರವಾಗುತ್ತದೆ. ಈ ಅನಿಲವು ಗಾಳಿಗಿಂತ ಭಾರವಾದುದರಿಂದ ಗುಂಡಿಯ ತಳದಲ್ಲಿ ನಿಲ್ಲುತ್ತದೆ.

ಇದರ ನಿವಾರಣೆಗೆ ಬಳಸುವ ರಾಸಾಯನಿಕಗಳಲ್ಲಿ ಒಂದೊಂದಕ್ಕೂ ತನ್ನದೇ ಆದ ದೋಷವಿದೆ. ಸೋಡಿಯಂ ಹೈಪೋಕ್ಲೋರೈಟ್ ಆಮ್ಲದೊಡನೆ ಬೆರೆತರೆ ವಿಷಕಾರಿ ಕ್ಲೋರಿನ್ ಅನಿಲ ಹೊಮ್ಮುತ್ತದೆ. ಅಮೋನಿಯದೊಡನೆ ಕ್ಲೋರಮೈನುಗಳು, ಸಾವಯವ ವಸ್ತುಗಳೊಡನೆ ಟ್ರೈಹ್ಯಾಲೋಮೀಥೇನ್‌ನಂತಹ ಹಾನಿಕರ ಸಂಯುಕ್ತಗಳು ಉಂಟಾಗುತ್ತವೆ. ಸಾಂದ್ರ ಹೈಡ್ರೋಜನ್ ಪೆರಾಕ್ಸೈಡ್ ಚರ್ಮವನ್ನು ಸುಡುತ್ತದೆ. ಮುಚ್ಚಿದ ಪಾತ್ರೆಯಲ್ಲಿ ವಿಘಟನೆಗೊಂಡರೆ ಆಮ್ಲಜನಕದ ಒತ್ತಡದಿಂದ ಪಾತ್ರೆಯೇ ಸಿಡಿಯಬಹುದು. ಕಬ್ಬಿಣದ ಲವಣಗಳು ಸಲ್ಫೈಡನ್ನು ಹಿಡಿದಿಡುತ್ತವೆಯಾದರೂ ಅವುಗಳ ದ್ರಾವಣವು ಆಮ್ಲೀಯ. ಅತಿಯಾಗಿ ಸುರಿದು ನೀರಿನ ಆಮ್ಲೀಯತೆ ಹೆಚ್ಚಿದರೆ, ಕರಗಿರುವ ಸಲ್ಫೈಡು ಅನಿಲರೂಪದಲ್ಲಿ ಹೊರಬೀಳುತ್ತದೆ. ಮದ್ದೇ ಮಾರಿಯಾಗುವ ಬಗೆಯಿದು.

ಇವುಗಳಿಗಿಂತ ಸೂಕ್ಷ್ಮವಾದ ಅಪಾಯವು ಸುಗಂಧ ದ್ರವ್ಯಗಳದು. ಹಳಗನ್ನಡದ 'ನಾಱು' ಎಂಬ ಧಾತು ಪರಿಮಳಕ್ಕೂ ದುರ್ನಾತಕ್ಕೂ ಸಲ್ಲುತ್ತಿತ್ತು. ಸುಗಂಧವನ್ನು ಸಿಂಪಡಿಸಿದಾಗಲೂ ಬದಲಾಗುವುದು ಮೂಗಿನ ಅನುಭವವೇ ಹೊರತು ಅನಿಲದ ಗುಣವಲ್ಲ. ದಾರಿಹೋಕನಿಗೆ ಹಿತವೆನಿಸುವ ಈ ಕಂಪು, ಗುಂಡಿಯ ಬಳಿ ದುಡಿಯುವವನಿಗೆ ದೊರೆಯಬಹುದಾಗಿದ್ದ ಮೊದಲ ಎಚ್ಚರಿಕೆಯನ್ನೇ ಅಳಿಸುತ್ತದೆ.

ಆದುದರಿಂದ ಈ ಪ್ರಶ್ನೆಯು ಕೇವಲ ರಸಾಯನಶಾಸ್ತ್ರದ್ದಲ್ಲ, ನ್ಯಾಯದ್ದೂ ಹೌದು. ರಕ್ಷಣಾ ಸಾಧನಗಳಿಲ್ಲದೆ ಮನುಷ್ಯರನ್ನು ಚರಂಡಿಗೆ ಇಳಿಸುವುದನ್ನು 2013ರ ಕಾಯಿದೆಯು ನಿಷೇಧಿಸಿದೆ. ಚರಂಡಿಯಲ್ಲಿ ಮಡಿದವರ ಕುಟುಂಬಗಳಿಗೆ 10 ಲಕ್ಷ ರೂಪಾಯಿಗಳ ಪರಿಹಾರವನ್ನು 2014ರಲ್ಲಿ ವಿಧಿಸಿದ ಸರ್ವೋಚ್ಚ ನ್ಯಾಯಾಲಯವು, 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಆದರೆ ಪರಿಹಾರವು ಸಾವಿನ ನಂತರದ ಮಾತು.

ಕೊಳವೆಗಳಲ್ಲಿ ಹೂಳು ನಿಲ್ಲದಂತೆ, ನೀರು ಸರಾಗವಾಗಿ ಹರಿಯುವಂತೆ ನೋಡಿಕೊಳ್ಳುವುದು, ಗಾಳಿಯಾಡಿಸುವುದು, ಕೊಳಚೆಯನ್ನು ಶುದ್ಧೀಕರಿಸಿಯೇ ನದಿಗೆ ಬಿಡುವುದು ಮೂಲಚಿಕಿತ್ಸೆ. ರಾಸಾಯನಿಕವು ಅನಿವಾರ್ಯವಾದಲ್ಲಿ ಸಲ್ಫೈಡಿನ ಪ್ರಮಾಣವನ್ನು ಅಳೆದೇ ಬೆರೆಸಬೇಕು. ಪರಸ್ಪರ ವಿರುದ್ಧವಾದ ದ್ರಾವಣಗಳನ್ನು ಬೇರೆ ಬೇರೆಯಾಗಿ ಇಡಬೇಕು. ಮೂಗನ್ನು ನಂಬದೆ ಅನಿಲಮಾಪಕವನ್ನು ಬಳಸಬೇಕು. ಡಬ್ಬಿಯ ಮೇಲಿನ ಎಚ್ಚರಿಕೆಯು ಅದನ್ನು ಎತ್ತುವ ಕೈಗಳಿಗೆ ತಿಳಿಯುವ ಭಾಷೆಯಲ್ಲಿರಬೇಕು: ಹೈದರಾಬಾದಿನಲ್ಲಿ ತೆಲುಗು, ಉರ್ದು, ಗಡಿಯ ಈಚೆಗೆ ಬೀದರ, ಕಲಬುರಗಿ, ರಾಯಚೂರುಗಳಲ್ಲಿ ಕನ್ನಡ. ಓದಲಾರದವರಿಗೆ ಅದನ್ನು ಬಾಯಿಮಾತಿನಲ್ಲಿ ತಿಳಿಹೇಳುವ ಹೊಣೆ ಕೆಲಸ ಮಾಡಿಸುವವರದು.